ಕುದಿಯದೆ ಉಳಿದ ಕಾಫಿ

ಕೆಟ್ಟ ಪಂಪಿನ ಮೇಲಿದ್ದ ನಂಬರನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಟೋರುನ್ ಎಂಟರ್ ಒತ್ತಿದಳು. ಹಿರಿಯ ಆಸ್ಬ್ಯೋರ್ನ್ ರೂಢಿಯಂತೆ ಕಾಫಿ ಕಾಯಿಸಲು ಎದ್ದ. ದೋಣಿ ಬಿಡಿಭಾಗಗಳ ಆ ಉಗ್ರಾಣದಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ, ನಡುವೆ ಗೆರೆ ಹಾಕಿ, ಜಾಗ ಬಿಟ್ಟು ಬಿಡಿಭಾಗಗಳ ನಂಬರ್ ತುಂಬಿಸಿದ್ದರು. ಪ್ರತಿ ಹುಡುಕಾಟಕ್ಕೂ ಕಂಪ್ಯೂಟರ್ ಆ ಗೆರೆ, ಜಾಗಗಳನ್ನೆಲ್ಲ ತೆಗೆದು ಒಂದೊಂದೇ ನಂಬರನ್ನು ಹೋಲಿಸುವಷ್ಟರಲ್ಲಿ ಒಂದು ಕೆಟಲ್ ಕಾಫಿ ಮುಗಿಯುತ್ತಿತ್ತು.

"ಕಾಡ್ ಮೀನು ನನಗೋಸ್ಕರ ಕಾಯುತ್ತೇನಮ್ಮ?" ಪಂಪು ಕೆಟ್ಟು ದೋಣಿ ನಿಲ್ಲಿಸಿ ಬಂದಿದ್ದ ಮೀನುಗಾರ ಸಿಗ್ವಾಲ್ ಗೊಣಗಿದ.

ಆದರೆ ಟೋರುನ್ ಈ ವಾರ ಎಲ್ಲ ನಂಬರುಗಳ ಗೆರೆ, ಜಾಗ ತೆಗೆದು, ಕಂಪ್ಯೂಟರಿನಲ್ಲೇ ಬೇರೊಂದು ಪಟ್ಟಿಯಾಗಿ ಕ್ರಮದಲ್ಲಿ ಜೋಡಿಸಿಟ್ಟಿದ್ದಳು.

"ಏಳನೇ ಕಪಾಟು, ಕೆಳಗಿನ ಖಾನೆ," ಎಂದಳು ತಕ್ಷಣ.

ಆಸ್ಬ್ಯೋರ್ನ್ ಖಾಲಿ ಕೆಟಲ್ ಹಿಡಿದೇ ತಿರುಗಿದ. "ಇನ್ನೂ ನಲ್ಲೀನೇ ತಿರುಗಿಸಿಲ್ಲ ಕಣೇ!" ಹೊಸ ಪಂಪು ತಂದು ಸಿಗ್ವಾಲನ ಕೈಗಿತ್ತ. "ನಮ್ಮ ಹುಡುಗಿ ಕೆಲಸ ಕಣಯ್ಯ, ಹೊರಡು."

ಆಮೇಲೆ, ಯಾರಿಗೂ ಮುಟ್ಟಗೊಡದ ತನ್ನ ಕಪ್ಪಿನಲ್ಲಿ ಅವಳಿಗೆ ಕಾಫಿ ತಂದಿಟ್ಟ.