ಸುಮತಿ ಕೇಳಿದ ಲೆಕ್ಕ

ಹೊಸ ಬೆತ್ತದ ಕುರ್ಚಿಯ ವಾಸನೆ ಬಂದರೆ ಇಂದಿಗೂ ನನಗೆ ಮೂಡಬಿದಿರೆಯ ಶಾಲೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ನಾಲ್ಕರಿಂದ ಶುರುವಾಗಿ ಪ್ರತಿ ಸಮಸಂಖ್ಯೆಯೂ ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತ ಎಂದು ಲೆಕ್ಕದ ಮಾಸ್ಟ್ರು ಹೇಳಿದರು.

"ಕೊನೆಯವರೆಗೂ ಹಾಗೆಯೇ ಅಂತ ಹೇಗೆ ಗೊತ್ತು ಸಾರ್?" ಎಂದಳು ನನ್ನ ಪಕ್ಕ ಕೂತಿದ್ದ ಸುಮತಿ.

"ಎದುರು ಮಾತಾಡ್ತೀಯಾ? ಹಾಗಾಗದ್ದು ಒಂದಾದರೂ ಉಂಟಾ? ತೋರಿಸು!"

ಅವಳು ಬೋರ್ಡಿನಲ್ಲಿ ಒಂದೊಂದೇ ಸಂಖ್ಯೆ ಬರೆದು ಒಡೆದು ನೋಡಿದಳು. ಲೆಕ್ಕ ಸರಿಹೋದಾಗಲೆಲ್ಲ ಬಲ ಅಂಗೈಗೆ ಬೆತ್ತ ಬಿತ್ತು. ಚರ್ಮ ಒಡೆದು ರಕ್ತ ಮೊಣಕೈಗೆ ಇಳಿಯಿತು. ಮೂವತ್ತೆಂಟಕ್ಕೆ ಬೆತ್ತವೇ ಮುರಿಯಿತು.

ಮಾಸ್ಟ್ರು ಏದುಸಿರು ಬಿಡುತ್ತ ಕುಳಿತರು. "ಗೊತ್ತಿಲ್ಲ ಮಾರಾಯ್ತಿ," ಎಂದರು ಸಣ್ಣ ದನಿಯಲ್ಲಿ. "ಅದು ಯಾರಿಗೂ ಗೊತ್ತಿಲ್ಲ."

ಸುಮತಿ ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ನಲವತ್ತು ಎಂದು ಬರೆದಳು.