ರಜೆ ಕೇಳದ ಹುಡುಗಿಯರು

ಡಾಕ್ಟರ್ ವಾರಿಜಾ ಶಿಲ್ಪಾಳ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಜಾರಿಸುತ್ತ ಬಂದು ಒಂದು ಕಡೆ ಒತ್ತಿದರು. ಹುಡುಗಿ ಮಂಚದ ಅಂಚನ್ನು ಬಿಗಿಯಾಗಿ ಹಿಡಿದಳು.

"ಎಲುಬು ಕೂದಲೆಳೆಯಷ್ಟು ಬಿರುಕು ಬಿಟ್ಟಿರಬೇಕು," ಎಂದರು ಡಾಕ್ಟರ್.

"ಸೋಮವಾರ ರಾಜ್ಯಮಟ್ಟದ ಓಟ ಉಂಟು ಡಾಕ್ಟ್ರೇ, ಒಂದು ಇಂಜೆಕ್ಷನ್ ಕೊಡಿ," ಎಂದರು ಕೋಚ್ ಕಾರ್ಲ್ಟನ್. ಕಾಪುವಿನ ಕಡಲತೀರದಲ್ಲಿ ದಿನಾ ಬೆಳಿಗ್ಗೆ ಹುಡುಗಿಯರನ್ನು ಓಡಿಸುವವರು ಅವರೇ.

ಡಾಕ್ಟರ್ ಶಿಲ್ಪಾಳತ್ತಲೇ ತಿರುಗಿದರು. "ಮುಟ್ಟಾಗಿ ಎಷ್ಟು ದಿನ ಆಯ್ತು?"

"ಐದು ತಿಂಗಳಾತ್ರಿ." ಅವಳು ತಲೆ ತಗ್ಗಿಸಿದಳು.

ಕಾರ್ಲ್ಟನ್ ಮುಖ ಅರಳಿತು. "ಮೈ ಓಟಕ್ಕೆ ಹದವಾದ ಲಕ್ಷಣ ಅದು. ಆ ಮೂರು ದಿನ ರಜೆ ಅಂತ ನಾನೇ ರೂಲ್ಸ್ ಮಾಡಿದ್ದು. ಈ ವರ್ಷ ಒಬ್ಬಳೂ ರಜೆ ಕೇಳಲಿಲ್ಲ, ನನ್ನ ಮಗಳು ಸಮೇತ!"

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಎಂತ ಹದ ಮಾರಾಯ್ರೆ? ಊಟ ಸಾಲದೆ ಮುಟ್ಟು ನಿಂತರೆ ಎಲುಬು ಟೊಳ್ಳಾಗ್ತದೆ. ಎಷ್ಟು ಹುಡುಗಿಯರು?"

"ಒಂಬತ್ತು," ಎನ್ನುತ್ತ ಅವರು ಬಾಗಿಲಿನಾಚೆ ನೋಡಿದರು. ಶಿಲ್ಪಾಳ ಶೂ ತೊಡೆಯ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕುಳಿತಿದ್ದ ಮಗಳು ಸೋನಿಯಾ, ತನ್ನ ಕಾಲಿನ ಅದೇ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಅಪ್ಪನನ್ನು ಕಂಡೊಡನೆ ಕೈ ತೆಗೆದು ನಕ್ಕಳು.