ಕೊನೆಯ ತಂತಿ

ಕೊನೆಯ ತಂತಿಗೆ ಕತ್ತರಿ ತಾಗಿಸುವಷ್ಟರಲ್ಲಿ ಯೆವ್ಸೇಯ ಬೆರಳುಗಳು ಮರಗಟ್ಟಿಹೋದವು. ಕೈಗವಸು ಹಾಕಿದರೆ ತಂತಿ ಕೈಗೆ ಸಿಗದು, ತೆಗೆದರೆ ಸೈಬೀರಿಯಾದ ಚಳಿ ಬಿಡದು. ಮನುಷ್ಯನನ್ನು ಬಾಹ್ಯಾಕಾಶಕ್ಕೆ ಕಳಿಸುವ ಮೊದಲು ಪರೀಕ್ಷೆಗೆಂದು ಎರಡು ನಾಯಿಗಳನ್ನು ಕೂರಿಸಿ ಹಾರಿಸಿದ್ದ ಲೋಹದ ಗೋಳ, ದಾರಿ ತಪ್ಪಿ ಈ ಕಾಡಿನ ಹಿಮದಲ್ಲಿ ಬಿದ್ದು ಎರಡು ದಿನವಾಗಿತ್ತು. ಪರದೇಶದವರ ಕೈಗೆ ಸಿಗದಿರಲೆಂದು ಅದರೊಳಗೆ ಇಟ್ಟಿದ್ದ ಸಿಡಿಮದ್ದು, ಈ ತಂತಿ ಕತ್ತರಿಸದಿದ್ದರೆ, ಇನ್ನು ಇಪ್ಪತ್ತು ನಿಮಿಷದಲ್ಲಿ ಸಿಡಿಯಲಿತ್ತು.

ಗೋಳ ಹುಡುಕಲು ಜೊತೆಗೆ ಬಂದಿದ್ದವರನ್ನೆಲ್ಲ ಅವನು ದೂರದ ಮರಗಳ ಮರೆಗೆ ಅಟ್ಟಿದ್ದ. ಆದರೂ ಬೆನ್ನ ಹಿಂದೆ ಹಿಮ ಕಿರುಗುಟ್ಟಿತು. ನಾಯಿಗಳನ್ನು ಪಳಗಿಸಿದ್ದ ವೈದ್ಯೆ ಲಿದಿಯಾ ಮಾರ್ಕೊವ್ನಾ ಬಂದು ನಿಂತಿದ್ದಳು.

“ಮರದ ಹಿಂದೆ ಇರಿ ಅಂದಿದ್ನಲ್ಲ.”

“ಕೇಳಿಸ್ತು, ಯೆವ್ಸೇ ಪಾವ್ಲೊವಿಚ್. ಕೈ ಕೊಡಿ ಇಲ್ಲಿ.”

“ನಾಯಿಗಳು ಸತ್ತೋಗಿರ್ತವೆ ಕಣ್ರೀ. ನೀವ್ಯಾಕೆ ಸಾಯೋಕೆ ಬಂದ್ರಿ?”

“ನಾಯಿಗೋಸ್ಕರ ಬಂದಿಲ್ಲ. ಈ ಬೆರಳಲ್ಲಿ ಯಾವ ತಂತಿ ಕತ್ತರಿಸ್ತೀರಿ? ಕೊಡಿ.”

ಆಕೆ ಕುರಿಚರ್ಮದ ಕೋಟಿನ ಗುಂಡಿ ಬಿಚ್ಚಿ, ಅವನ ಎರಡೂ ಕೈಗಳನ್ನು ತನ್ನ ಕಂಕುಳಲ್ಲಿ ಅವುಚಿಕೊಂಡಳು. ಸಿಡಿಮದ್ದಿನಿಂದ ಮೊಳದ ದೂರದಲ್ಲಿ ನಿಂತು, ಅವಸರವಿಲ್ಲದೆ ನೂರರವರೆಗೆ ಎಣಿಸಿದಳು.

“ಬೆರಳು ಉರೀತಿದೆ” ಎಂದ ಅವನು.

“ಹಾಗಾದ್ರೆ ಜೀವ ಬಂತು. ಕತ್ತರಿಸಿ.”

ತಂತಿ ತುಂಡಾಯಿತು. ಯೆವ್ಸೇ ಹಿಮದ ಮೇಲೆಯೇ ಕುಸಿದು ಕುಳಿತ. ಆಗ ಲೋಹದ ಒಳಗಿನಿಂದ ಕ್ಷೀಣವಾಗಿ ಕುಂಯ್‌ಗುಟ್ಟುವ ಸದ್ದು ಬಂತು. ಲಿದಿಯಾ ಟೋಪಿ ಸರಿಸಿ ಗೋಳಕ್ಕೆ ಕಿವಿಗೊಟ್ಟಳು. ಅಲ್ಲಿಯವರೆಗೆ ಅಲುಗದಿದ್ದ ಆಕೆಯ ತುಟಿ ಈಗ ನಡುಗತೊಡಗಿತು.

“ಯಾವುದು ಬದುಕಿದೆ?” ಅವನು ಮೆಲ್ಲಗೆ ಕೇಳಿದ.

“ಎರಡೂ.”